ಶುಗರ್‌ಗೆ ಹೊಸದಾಗಿ ಮಾತ್ರೆ ಶುರುವಾಯ್ತಾ? ಮೊದಲ ಮೂರು ತಿಂಗಳು ಈ ವಿಷಯಗಳು ಗೊತ್ತಿರಲಿ

ದಾವಣಗೆರೆ: ಡಾಕ್ಟರು ಶುಗರ್ ಮಾತ್ರೆ ಬರೆದುಕೊಟ್ಟರು, ನಾಲ್ಕು ದಿನ ನುಂಗಿದ್ದಾಯ್ತು, ಹೊಟ್ಟೆ ಕೆಟ್ಟಿತು ಅಂತ ಬಿಟ್ಟಿದ್ದೂ ಆಯ್ತು. ಇನ್ನು ಕೆಲವರದ್ದು ಬೇರೆಯೇ ಕಥೆ. ಬೆಳಗ್ಗೆ ಮಾತ್ರೆ ನುಂಗಿ, ತಿಂಡಿ ಆಮೇಲೆ ನೋಡಿಕೊಳ್ಳೋಣ ಅಂತ ತೋಟಕ್ಕೋ ಗದ್ದೆಗೋ ಹೋಗುತ್ತಾರೆ. ಹತ್ತು ಗಂಟೆ ಹೊತ್ತಿಗೆ ಮೈಯೆಲ್ಲ ಬೆವತು, ಕೈಕಾಲು ನಡುಗಿ ಕುಸಿದು ಕೂರುತ್ತಾರೆ. ಟೈಪ್ 2 ಮಧುಮೇಹಕ್ಕೆ ಹೊಸದಾಗಿ ಔಷಧಿ ಶುರು ಮಾಡಿದವರಲ್ಲಿ ಈ ಎರಡೂ ಎಡವಟ್ಟು ಆಗೋದುಂಟು. ಚೀಟಿಯಲ್ಲಿರುವ ಮಾತ್ರೆ ಯಾವುದು, ಅದು ದೇಹದಲ್ಲಿ ಏನು ಮಾಡುತ್ತದೆ ಅನ್ನೋದು ಗೊತ್ತಿದ್ದರೆ ಎರಡನ್ನೂ ತಪ್ಪಿಸಬಹುದು.

ಐಸಿಎಂಆರ್ ಸಹಯೋಗದ ಅಧ್ಯಯನವೊಂದು 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ. ಹಾಗಾಗಿ ಇದು ಒಬ್ಬಿಬ್ಬರ ಮನೆಯ ಸಮಸ್ಯೆ ಅಲ್ಲ.

ಮೊದಲು ಕೊಡೋದು ಸಾಮಾನ್ಯವಾಗಿ ಮೆಟ್‌ಫಾರ್ಮಿನ್

ಹೊಸದಾಗಿ ಶುಗರ್ ಪತ್ತೆಯಾದ ಹೆಚ್ಚಿನವರಿಗೆ ವೈದ್ಯರು ಮೊದಲು ಬರೆಯುವ ಮಾತ್ರೆ ಮೆಟ್‌ಫಾರ್ಮಿನ್. ನಮ್ಮ ಲಿವರ್ ರಾತ್ರಿ ಹೊತ್ತು, ಉಪವಾಸ ಇದ್ದಾಗ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮಧುಮೇಹ ಇದ್ದವರಲ್ಲಿ ಇದು ಅಗತ್ಯಕ್ಕಿಂತ ಜಾಸ್ತಿ ಆಗುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಅದಕ್ಕೆ ಕಡಿವಾಣ ಹಾಕುತ್ತದೆ. ಇದೊಂದನ್ನೇ ತಗೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯೋದು ಬಹಳ ಕಡಿಮೆ.

ತೊಂದರೆ ಕೊಡೋದು ಹೊಟ್ಟೆ. ಮೊದಲ ಕೆಲವು ದಿನ ವಾಕರಿಕೆ, ಗ್ಯಾಸ್, ಭೇದಿ, ಬಾಯಲ್ಲಿ ಲೋಹದ ರುಚಿ ಕಾಣಿಸಬಹುದು. ಅದಕ್ಕೇ ವೈದ್ಯರು ಸಾಮಾನ್ಯವಾಗಿ 500 ಮಿ.ಗ್ರಾಂ.ನಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಖಾಲಿ ಹೊಟ್ಟೆಯಲ್ಲಿ ನುಂಗದೆ ಊಟದ ಜೊತೆ ಅಥವಾ ಊಟ ಆದ ಕೂಡಲೇ ತಗೊಂಡರೆ ತೊಂದರೆ ಕಡಿಮೆ. ಬಹುತೇಕರಿಗೆ ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಆಗದಿದ್ದರೆ ನಿಧಾನವಾಗಿ ಕರಗುವ ಎಸ್ಆರ್ ಮಾತ್ರೆಗೆ ಬದಲಿಸುವ ದಾರಿ ಇದೆ. ಎಸ್ಆರ್ ಮಾತ್ರೆಯನ್ನು ಮುರಿದು, ಜಗಿದು, ಪುಡಿ ಮಾಡಿ ತಗೊಳ್ಳಬಾರದು. ಕೆಲವೊಮ್ಮೆ ಮಲದಲ್ಲಿ ಮಾತ್ರೆಯ ಸಿಪ್ಪೆ ಕಾಣಿಸಿದರೆ ಗಾಬರಿ ಬೇಡ, ಔಷಧಿ ದೇಹಕ್ಕೆ ಸೇರಿರುತ್ತದೆ.

ಈ ಮಾತ್ರೆಯಿಂದ ಕಿಡ್ನಿ ಹಾಳಾಗುತ್ತದೆ ಅನ್ನೋ ಮಾತು ಊರೂರಲ್ಲೂ ಇದೆ. ಅಸಲಿಗೆ ಕಿಡ್ನಿಯನ್ನು ಹಾಳು ಮಾಡೋದು ವರ್ಷಗಟ್ಟಲೆ ಏರಿದ ಶುಗರ್ ಮತ್ತು ಬಿಪಿ. ಆದರೆ ಕಿಡ್ನಿ ಈಗಾಗಲೇ ಬಹಳ ದುರ್ಬಲವಾಗಿದ್ದರೆ ಮೆಟ್‌ಫಾರ್ಮಿನ್ ಕೊಡುವಂತಿಲ್ಲ. ಅದಕ್ಕೇ ಶುರು ಮಾಡುವ ಮುಂಚೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಡೈ ಕೊಟ್ಟು ಮಾಡುವ ಸ್ಕ್ಯಾನಿಂಗ್‌ಗೆ ಹೋದಾಗ ಈ ಮಾತ್ರೆ ತಗೊಳ್ಳುತ್ತಿರೋದನ್ನು ಅಲ್ಲಿಯವರಿಗೆ ಹೇಳಬೇಕು. ಹಲವು ವರ್ಷ ತಗೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಕಾಲು ಜೋಮು ಬಂದರೆ ಅದನ್ನೂ ಪರೀಕ್ಷಿಸಬೇಕು.

ಗ್ಲಿಮೆಪಿರೈಡ್ ಇದ್ದರೆ ತಿಂಡಿ ತಪ್ಪಿಸುವಂತಿಲ್ಲ

ಎಚ್ಚರ ಜಾಸ್ತಿ ಬೇಕಿರೋದು ಇಲ್ಲಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಗುಂಪಿನ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ತಿಂಡಿ ತಿಂದಿದ್ದೀರೋ ಇಲ್ಲವೋ ಅಂತ ಅವು ಕಾಯೋದಿಲ್ಲ. ಮಾತ್ರೆ ನುಂಗಿ ಊಟ ತಡವಾದರೆ, ಅದರ ಮೇಲೆ ಅಡಿಕೆ ಕೊಯ್ಲು, ಗದ್ದೆ ನಾಟಿಯಂಥ ಮೈಮುರಿಯುವ ಕೆಲಸವೂ ಸೇರಿದರೆ ಶುಗರ್ ಸರಸರ ಇಳಿಯುತ್ತದೆ. ಮದ್ಯ ಕುಡಿಯುವವರಿಗೆ ಅಪಾಯ ಇನ್ನೂ ಹೆಚ್ಚು.

ಏಕಾದಶಿ, ಸಂಕಷ್ಟಿ ಉಪವಾಸ ಇರೋರು, ರಂಜಾನ್ ರೋಜಾ ಹಿಡಿಯೋರು ಮೊದಲೇ ವೈದ್ಯರ ಬಳಿ ಮಾತಾಡಿ ಮಾತ್ರೆಯ ಡೋಸ್ ಮತ್ತು ಸಮಯ ಬದಲಿಸಿಕೊಳ್ಳಬೇಕು. ಒಂದು ಹೊತ್ತು ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗುವ ಕೆಲಸ ಮಾಡಲೇಬಾರದು.

ಶುಗರ್ ಇಳಿದಾಗ ಏನು ಮಾಡಬೇಕು?

ಬೆವರು, ನಡುಕ, ಎದೆ ಡವಡವ, ವಿಪರೀತ ಹಸಿವು, ಕಣ್ಣು ಕತ್ತಲೆ, ಇದ್ದಕ್ಕಿದ್ದಂತೆ ಸಿಡುಕು, ಮಾತು ತೊದಲುವುದು ಇದರ ಲಕ್ಷಣ. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಸಬೇಕು. ಮೀಟರ್ ಇಲ್ಲದಿದ್ದರೂ ಕಾಯೋದು ಬೇಡ. 15 ನಿಮಿಷದ ನಂತರ ಮತ್ತೆ ನೋಡಿ, ಸರಿಯಾಗದಿದ್ದರೆ ಇನ್ನೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಊಟ ಅಥವಾ ತಿಂಡಿ ಆಗಲೇಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಸಕ್ಕರೆ ಬೇಗ ಕೆಲಸ ಮಾಡೋದಿಲ್ಲ. ಸಕ್ಕರೆ ಕರುಳಿನಲ್ಲಿ ಒಡೆಯೋದನ್ನೇ ಆ ಮಾತ್ರೆ ತಡೆಯುತ್ತದೆ. ಅಂಥವರ ಮನೆಯಲ್ಲಿ, ಜೇಬಲ್ಲಿ ಮೆಡಿಕಲ್ ಶಾಪಿನ ಗ್ಲುಕೋಸ್ ಪುಡಿಯೇ ಇರಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಕುತ್ತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆ ಮಾಡಬೇಕು. ವಯಸ್ಸಾದವರಲ್ಲಿ, ಕಿಡ್ನಿ ತೊಂದರೆ ಇದ್ದವರಲ್ಲಿ ಈ ಮಾತ್ರೆಯ ಪ್ರಭಾವ ತುಂಬಾ ಹೊತ್ತು ಉಳಿಯುತ್ತದೆ. ಒಮ್ಮೆ ಎದ್ದು ಕೂತರೂ ಕೆಲ ಗಂಟೆ ಬಿಟ್ಟು ಶುಗರ್ ಮತ್ತೆ ಇಳಿಯಬಹುದು. ಹಾಗಾಗಿ ಅವರನ್ನು ಆಸ್ಪತ್ರೆಗೆ ಕರೆದೊಯ್ಯೋದೇ ಸರಿ.

ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆ

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಹೆಸರು ಈಗ ಚೀಟಿಗಳಲ್ಲಿ ಹೆಚ್ಚಾಗಿ ಕಾಣುತ್ತಿದೆ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಅವಧಿ ಮುಗಿದು ಹಲವು ಕಂಪನಿಗಳು ತಯಾರಿಸತೊಡಗಿದ ಮೇಲೆ ಬೆಲೆಯೂ ಇಳಿದಿದೆ. ಹೃದಯ ವೈಫಲ್ಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಇವು ಶುಗರ್ ಇಳಿಸೋದಕ್ಕಿಂತ ಹೆಚ್ಚಿನ ರಕ್ಷಣೆ ಕೊಡುತ್ತವೆ.

ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಹಾಗಾಗಿ ಮೂತ್ರ ಪರೀಕ್ಷೆ ಮಾಡಿಸಿದರೆ ಸಕ್ಕರೆ ಪ್ಲಸ್ ಪ್ಲಸ್ ಬಂದೇ ಬರುತ್ತದೆ, ಅದು ಕಾಯಿಲೆ ಹೆಚ್ಚಾದ ಗುರುತಲ್ಲ. ಮೂತ್ರ ಜಾಸ್ತಿ ಹೋಗೋದರಿಂದ ನೀರು ಸಾಕಷ್ಟು ಕುಡಿಯಬೇಕು. ಜನನಾಂಗದ ಭಾಗದಲ್ಲಿ ತುರಿಕೆ, ಫಂಗಸ್ ಸೋಂಕು ಕಾಣಿಸಬಹುದು. ನಾಚಿಕೆಪಟ್ಟು ಮುಚ್ಚಿಟ್ಟುಕೊಳ್ಳದೆ ಹೇಳಿದರೆ ಸುಲಭದ ಚಿಕಿತ್ಸೆ ಇದೆ. ವಾಂತಿ ಭೇದಿ ಆಗಿ ಊಟ ಸೇರದಿದ್ದಾಗ, ಆಪರೇಷನ್ ಇದ್ದಾಗ ಈ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಶುಗರ್ ತೀರಾ ಏರದೆಯೂ ರಕ್ತದಲ್ಲಿ ಆಮ್ಲ ಹೆಚ್ಚಾಗುವ ಅಪಾಯ ಇದೆ. ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೆಸರು ಬೇರೆ, ಒಳಗಿರೋದು ಅದೇ

ಒಬ್ಬ ಡಾಕ್ಟರ್ ಹತ್ತಿರ ಒಂದು ಕಂಪನಿ ಮಾತ್ರೆ, ಇನ್ನೊಬ್ಬರ ಹತ್ತಿರ ಬೇರೆ ಕಂಪನಿ ಮಾತ್ರೆ ಬರೆಸಿಕೊಂಡು ಎರಡನ್ನೂ ನುಂಗಿದರೆ ಒಂದೇ ಔಷಧಿ ಡಬಲ್ ಆಗಬಹುದು. ನಮ್ಮಲ್ಲಿ ಸಿಗುವ ಶುಗರ್ ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಒಟ್ಟಿಗೆ ಸೇರಿಸಿದವೇ ಬಹಳ. ಎಂ1, ಎಂ2 ಅಂತ ಹೆಸರಿನ ಕೊನೆಗೆ ಇರುವ ಹಲವು ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ 1 ಅಥವಾ 2 ಮಿ.ಗ್ರಾಂ. ಜೊತೆ ಮೆಟ್‌ಫಾರ್ಮಿನ್ ಇರುತ್ತದೆ. ಸ್ಟ್ರಿಪ್ ಹಿಂದಿನ ಸಣ್ಣ ಅಕ್ಷರದಲ್ಲಿ ಔಷಧಿಯ ನಿಜವಾದ ಹೆಸರು ಇರುತ್ತದೆ. ಓದಲು ಬಾರದಿದ್ದರೆ ಹಳೆಯ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರ್‌ಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗೋದು ಒಳ್ಳೆಯದು. ಪಕ್ಕದ ಮನೆಯವರಿಗೆ ಚೆನ್ನಾಗಿ ಕೆಲಸ ಮಾಡಿದ ಮಾತ್ರೆ ನಿಮಗೂ ಆಗುತ್ತದೆ ಅಂತ ತಗೊಳ್ಳೋದು ಬೇಡ.

ಕಣ್ಣು ಮಂಜು, ಸುಸ್ತು ಏಕೆ?

ಬಹಳ ದಿನ 300ರ ಆಸುಪಾಸಿನಲ್ಲಿದ್ದ ಶುಗರ್ ಮಾತ್ರೆಯಿಂದ ಇಳಿಯತೊಡಗಿದಾಗ ಕಣ್ಣಿನ ಮಸೂರದಲ್ಲಿ ನೀರಿನಂಶ ಬದಲಾಗಿ ದೃಷ್ಟಿ ಮಂಜಾಗಬಹುದು. ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಹೊಸ ಕನ್ನಡಕ ಮಾಡಿಸಿದರೆ ದುಡ್ಡು ದಂಡ. ಆದರೆ ಕಣ್ಣಿನ ಒಳಪದರದ ಪರೀಕ್ಷೆಯನ್ನು ಶುಗರ್ ಪತ್ತೆಯಾದ ಕೂಡಲೇ ಮಾಡಿಸಬೇಕು. ಹಾಗೆಯೇ 120 ಇದ್ದರೂ ಶುಗರ್ ಇಳಿದಂತೆ ಸುಸ್ತು, ನಡುಕ ಅನ್ನಿಸಬಹುದು. ದೇಹ ಹಳೆಯ ಮಟ್ಟಕ್ಕೆ ಒಗ್ಗಿಹೋಗಿರೋದು ಇದಕ್ಕೆ ಕಾರಣ. ಪರೀಕ್ಷಿಸಿ ನೋಡಿದರೆ ಗೊತ್ತಾಗುತ್ತದೆ.

ನಾರ್ಮಲ್ ಬಂತು, ಬಿಡಬಹುದಾ?

ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿರೋದು. ನಾವಾಗೇ ಬಿಟ್ಟರೆ ಶುಗರ್ ಮತ್ತೆ ಏರುತ್ತದೆ, ಅದೂ ಸದ್ದಿಲ್ಲದೆ. ತೂಕ ಗಣನೀಯವಾಗಿ ಇಳಿಸಿದ ಕೆಲವರಿಗೆ ವೈದ್ಯರೇ ಮಾತ್ರೆ ಕಡಿಮೆ ಮಾಡೋದುಂಟು. ಆದರೆ ಆ ತೀರ್ಮಾನ ಎಚ್‌ಬಿಎ1ಸಿ ನೋಡಿ ಆಗಬೇಕು. ಕೆಂಪು ರಕ್ತಕಣಗಳ ಆಯಸ್ಸು ಸುಮಾರು 120 ದಿನ. ಅವುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಈ ಪರೀಕ್ಷೆ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಮಾತ್ರೆ ಶುರುವಾಗಿ ಮೂರು ತಿಂಗಳಿಗೆ ಇದನ್ನು ಮಾಡಿಸಬೇಕು. ಹೆಚ್ಚಿನವರಿಗೆ ಗುರಿ 7ರ ಒಳಗೆ. ಇಳಿವಯಸ್ಸಿನವರಿಗೆ ವೈದ್ಯರು ಸ್ವಲ್ಪ ಸಡಿಲ ಗುರಿ ಇಡುತ್ತಾರೆ.

ದುಡ್ಡಿನ ಚಿಂತೆ ಇದ್ದರೆ

ಜಿಲ್ಲಾ ಆಸ್ಪತ್ರೆ ಮತ್ತು ತಾಲೂಕು ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಾಮಾನ್ಯವಾಗಿ ಸಿಗುತ್ತವೆ. ಹೊರಗೆ ಕೊಳ್ಳುವವರಿಗೆ ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಕಡಿಮೆ ಬೆಲೆಗೆ ಲಭ್ಯ. ಸ್ಟಾಕ್ ಇಲ್ಲ ಅಂತ ಒಂದು ವಾರ ಮಾತ್ರೆ ಬಿಡುವ ಬದಲು, ಕೈಯಲ್ಲಿ ಐದಾರು ದಿನದ್ದು ಉಳಿದಿರುವಾಗಲೇ ಮುಂದಿನ ತಿಂಗಳದ್ದು ತಂದಿಟ್ಟುಕೊಳ್ಳಬೇಕು.

ಡಾಕ್ಟರ್ ಬಳಿ ಕೇಳಬೇಕಾದ ಐದು ಪ್ರಶ್ನೆ

1. ಈ ಮಾತ್ರೆಯಲ್ಲಿರುವ ಔಷಧಿ ಯಾವುದು, ಇದರಿಂದ ಶುಗರ್ ತೀರಾ ಇಳಿಯಬಹುದಾ?

2. ತಿಂಡಿಗೆ ಮುಂಚೆಯೋ, ಜೊತೆಗೋ, ಆಮೇಲೋ?

3. ಜ್ವರ, ವಾಂತಿ, ಉಪವಾಸದ ದಿನ ಯಾವುದನ್ನು ಬಿಡಬೇಕು, ಯಾವುದನ್ನು ಮುಂದುವರಿಸಬೇಕು?

4. ಈಗ ತಗೊಳ್ಳುತ್ತಿರುವ ಬಿಪಿ, ಮಂಡಿನೋವು, ನಾಟಿ ಔಷಧಿ ಜೊತೆ ಇದು ಹೊಂದುತ್ತದಾ?

5. ಮತ್ತೆ ಯಾವಾಗ ಬರಬೇಕು, ಬರುವಾಗ ಯಾವ ಪರೀಕ್ಷೆ ಮಾಡಿಸಿಕೊಂಡು ಬರಬೇಕು?

ಉತ್ತರಗಳನ್ನು ಚೀಟಿಯ ಹಿಂಭಾಗದಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ. ಮನೆಯಲ್ಲಿ ಅಡುಗೆ ಮಾಡುವವರಿಗೂ, ಜೊತೆಗೆ ಕೆಲಸಕ್ಕೆ ಬರುವವರಿಗೂ ಶುಗರ್ ಇಳಿದಾಗ ಏನು ಮಾಡಬೇಕು ಅನ್ನೋದನ್ನು ಹೇಳಿಡಿ. ಆ ಹೊತ್ತಿನಲ್ಲಿ ಗ್ಲುಕೋಸ್ ಕಲಸಿ ಕೊಡಬೇಕಾದವರು ಅವರೇ.