ಬಿದ್ದರೂ ಉಳಿಯುವ ಎಸ್‌ಎಸ್‌ಡಿ, ಬೀರುವಿನಲ್ಲಿ ಉಳಿದೀತೆ?

ಬಂಡೂರು, ಮಳವಳ್ಳಿ ಕಡೆ ಈಗ ಮದುವೆ ಆಲ್ಬಮ್ಮಿನ ಜೊತೆ ವಿಡಿಯೋ ತುಂಬಿದ ಡಿಸ್ಕೂ ಮನೆ ಸೇರುತ್ತದೆ. "ಎಸ್‌ಎಸ್‌ಡಿಗೇ ಹಾಕ್ಸಿ, ಬಿದ್ರೂ ಏನೂ ಆಗಲ್ಲ, ಜೀವಮಾನ ಇರ್ತದೆ" ಎನ್ನುವುದು ಎಲ್ಲೆಲ್ಲೂ ಕೇಳುವ ಸಲಹೆ. ಇದರಲ್ಲಿ ಮೊದಲರ್ಧ ಮಾತ್ರ ಹೆಚ್ಚುಕಡಿಮೆ ನಿಜ.

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿವೆ. ಓದಿ ಬರೆಯುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಿರುಗುತ್ತಿರುವಾಗ ಪೆಟ್ಟು ಬಿದ್ದರೆ ಹೆಡ್ ತಟ್ಟೆಗೆ ತಾಗಿ ಗೀರುತ್ತದೆ. ಆಫ್ ಆಗಿರುವ ಡಿಸ್ಕ್ ಅಷ್ಟು ನಾಜೂಕಲ್ಲ. ಲ್ಯಾಪ್‌ಟಾಪಿನಂಥ ಚಿಕ್ಕ ಡಿಸ್ಕುಗಳಲ್ಲಿ ಹೆಡ್ ತಟ್ಟೆಯಿಂದ ಆಚೆ ಸರಿದು ಕೂತಿರುತ್ತದೆ. ಮದ್ದೂರಿನಿಂದ ಬಟ್ಟೆಯಲ್ಲಿ ಸುತ್ತಿ ಬೈಕಿನಲ್ಲಿ ತಂದರೆ ಹೆದರಬೇಕಿಲ್ಲ. ಕಾಪಿ ಆಗುತ್ತಿರುವಾಗ ಮಗು ಕೇಬಲ್ ಎಳೆದು ಡಿಸ್ಕ್ ಮೇಜಿನಿಂದ ಬೀಳುವುದಕ್ಕೇ ಹೆದರಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇಂಥ ಪೆಟ್ಟನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ.

ಆದರೆ "ಜೀವಮಾನ" ಎಂಬ ಮಾತು ತಪ್ಪು. ಎಸ್‌ಎಸ್‌ಡಿಯಲ್ಲಿ ಮಾಹಿತಿ ವಿದ್ಯುತ್ ಆವೇಶದ ರೂಪದಲ್ಲಿರುತ್ತದೆ. ಅದು ನಿಧಾನವಾಗಿ ಸೋರುತ್ತದೆ, ಸೆಕೆಗೆ ಬೇಗ ಸೋರುತ್ತದೆ. ಮೆಮೊರಿ ಚಿಪ್ಪುಗಳಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಪ್ರಕಾರ, ಬರೆದು ಬರೆದು ಪೂರ್ತಿ ಸವೆದ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಮಾಹಿತಿ ಹಿಡಿದಿಟ್ಟುಕೊಳ್ಳಬೇಕು. ಇದನ್ನೇ ಹಿಡಿದು "ವರ್ಷಕ್ಕೆಲ್ಲ ಅಳಿಸಿಹೋಗುತ್ತೆ" ಎಂದು ಹೆದರಿಸುವವರೂ ಇದ್ದಾರೆ, ಅದೂ ಸರಿಯಲ್ಲ. ಒಂದೆರಡು ಸಲ ಬರೆದ ಹೊಸ ಎಸ್‌ಎಸ್‌ಡಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿದಿಡುತ್ತದೆ. ಆದರೂ ಮಂಡ್ಯದ ಏಪ್ರಿಲ್ ಬಿಸಿಲಿಗೆ ಕಾಯುವ ಶೀಟಿನ ಮನೆಯ ಬೀರು ಅದಕ್ಕೆ ತಕ್ಕ ಜಾಗವಲ್ಲ. ಯುಗಾದಿ, ದೀಪಾವಳಿಗೆ ಒಮ್ಮೆ ಕಂಪ್ಯೂಟರಿಗೆ ಹಾಕಿ, ಫೈಲುಗಳನ್ನು ತೆರೆದು ನೋಡಿ. ಮತ್ತೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿರಲಿ.

ಅಯಸ್ಕಾಂತ ತಾಗಿದರೆ ಹಾರ್ಡ್ ಡಿಸ್ಕ್ ಅಳಿಸಿಹೋಗುತ್ತದೆ ಎಂಬ ಭಯವೂ ಅತಿಯೇ. ಹೆಡ್ಡಿನ ತೋಳು ಆಡಿಸಲು ಹಾರ್ಡ್ ಡಿಸ್ಕಿನೊಳಗೇ ಬಲವಾದ ನಿಯೋಡಿಮಿಯಂ ಅಯಸ್ಕಾಂತವಿದೆ, ಫ್ರಿಜ್ಜಿಗೆ ಅಂಟಿಸುವ ಗೊಂಬೆಯಿಂದ ಅದಕ್ಕೇನೂ ಆಗದು.

ಕೆಡುವ ರೀತಿ ಮಾತ್ರ ಎರಡರದೂ ಬೇರೆ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಮೊದಲು ಟಕ್ ಟಕ್ ಎನ್ನುತ್ತದೆ, ನಿಧಾನವಾಗುತ್ತದೆ. ಎಸ್‌ಎಸ್‌ಡಿಯ ಕೆಲಸ ನಡೆಸುವ ಕಂಟ್ರೋಲರ್ ಚಿಪ್ ಕೆಟ್ಟರೆ ನಿನ್ನೆ ಇದ್ದದ್ದು ಇವತ್ತು ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ. ಕೈತಪ್ಪಿ ಅಳಿಸಿದ ಫೈಲನ್ನು ಹಾರ್ಡ್ ಡಿಸ್ಕಿನಿಂದ ಹಿಂದಕ್ಕೆ ತರುವುದು ಹಲವು ಸಲ ಸಾಧ್ಯ, ಅದರ ಮೇಲೆ ಬೇರೇನೂ ಬರೆಯದೆ ಕೂಡಲೇ ಆಫ್ ಮಾಡಿದ್ದರೆ. ಲ್ಯಾಪ್‌ಟಾಪಿನೊಳಗಿನ ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಅಳಿಸಿದ ಜಾಗವನ್ನು ತಾನಾಗೇ ಖಾಲಿ ಮಾಡಿಬಿಡುವುದರಿಂದ, ರಿಕವರಿ ಅಂಗಡಿಯವರಿಗೂ ಅಲ್ಲಿ ಹೆಚ್ಚಾಗಿ ಏನೂ ಸಿಗುವುದಿಲ್ಲ.