ನನ್ನ ಹಗಲು, ಅವನ ನಡುರಾತ್ರಿ

ನಿವೃತ್ತಿಯ ನಂತರ ನಾನು ಮಾಡಿದ ಮೊದಲ ಕೆಲಸವೆಂದರೆ ತಂದೆಯವರ ನಾಗಸ್ವರವನ್ನು ಪೆಟ್ಟಿಗೆಯಿಂದ ಹೊರತೆಗೆದದ್ದು. ಅವರು ಊರ ದೇವಸ್ಥಾನದಲ್ಲಿ ಬೆಳಗಿನ ಪೂಜೆಗೆ ನುಡಿಸಿದರೆ ಕೆರೆಯಾಚೆಯವರಿಗೂ ಅದೇ ಗಡಿಯಾರ. ಅದೇ ವಾದ್ಯವನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ನುಡಿಸಿದ ಎರಡನೆಯ ದಿನವೇ ಬಾಗಿಲ ಕೆಳಗಿನ ಸಂದಿಯಿಂದ ಚೀಟಿಯೊಂದು ಒಳಬಂತು: ‘ದಯವಿಟ್ಟು ನಿಲ್ಲಿಸಿ.’

ನಾಗಸ್ವರ ಬಯಲಿನ ವಾದ್ಯ. ವೀಣೆಯಂತೆ ಅದನ್ನು ಮೆಲ್ಲಗೆ ನುಡಿಸಲಾಗದು. ಉಸಿರಿನ ಒತ್ತಡ ತಗ್ಗಿದರೆ ಶ್ರುತಿಯೇ ಜಾರುತ್ತದೆ. ಟ್ರಂಪೆಟ್ಟಿನ ನಾದವೆಲ್ಲ ತುದಿಯ ಬಾಯಿಂದಲೇ ಹೊರಡುವುದರಿಂದ ಅಲ್ಲಿ ಅಡ್ಡಿಯಿಟ್ಟರೆ ಸದ್ದು ಕುಗ್ಗೀತು. ನಾಗಸ್ವರದ ನಾದ ಬೆರಳಿನ ರಂಧ್ರಗಳಿಂದಲೂ ಹೊಮ್ಮುತ್ತದೆ. ತುದಿಗೆ ಬಟ್ಟೆ ತುರುಕಿದರೆ ಸ್ವರ ಕೆಟ್ಟೀತೇ ಹೊರತು ಸದ್ದು ಅಡಗದು.

ಗೋಡೆಗೆ ಫೋಮ್ ಹಾಳೆ ಅಂಟಿಸಿದೆ. ಅದು ಕೋಣೆಯೊಳಗಿನ ಮಾರ್ದನಿಯನ್ನು ಹೀರಿತು, ಅಷ್ಟೇ. ಸದ್ದನ್ನು ತಡೆಯುವುದು ಗೋಡೆಯ ಭಾರವೇ ಹೊರತು ಮೃದುತ್ವವಲ್ಲ. ಗಾಳಿ ನುಸುಳುವಲ್ಲಿ ಸದ್ದೂ ನುಸುಳುತ್ತದೆ. ಚೀಟಿ ಒಳಬಂದ ಸಂದಿಯೇ ನನ್ನ ನಾದ ಹೊರಹೋಗುವ ದಾರಿಯೂ ಆಗಿತ್ತು.

ಕಡೆಗೆ ಕಾನೂನಿನ ಮೊರೆಹೋದೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಸಾಮಾನ್ಯ ಸಂಭಾಷಣೆಯೇ ಸುಮಾರು 60 ಡೆಸಿಬೆಲ್ ಮುಟ್ಟುವಾಗ ನಾಗಸ್ವರದ ಪಾಡೇನು? ಆದರೂ ನನ್ನ ಕಣ್ಣು ನಿಂತದ್ದು ಇನ್ನೊಂದು ಸಾಲಿನ ಮೇಲೆ: ಹಗಲೆಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ನಾನು ನುಡಿಸುತ್ತಿದ್ದುದು ಬೆಳಿಗ್ಗೆ ಹನ್ನೊಂದಕ್ಕೆ. ಅದೇ ಧೈರ್ಯದಿಂದ ಕೆಳಮನೆಯ ಕರೆಗಂಟೆ ಒತ್ತಿದೆ.

ಬಾಗಿಲು ತೆರೆದ ತರುಣನ ಕಣ್ಣುಗಳು ಕೆಂಪಾಗಿದ್ದವು. ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ನರ್ಸ್ ಅವನು. ‘ಸಾರ್, ನಿಮ್ಮ ಹನ್ನೊಂದು ಗಂಟೆ ನನಗೆ ನಡುರಾತ್ರಿ’ ಎಂದ. ನಿಯಮದ ಹಗಲು ಎಲ್ಲರ ಹಗಲಲ್ಲವೆಂಬುದು ನನಗೆ ಹೊಳೆದಿರಲೇ ಇಲ್ಲ.

ನ್ಯೂಯಾರ್ಕಿನ ಸ್ಯಾಕ್ಸೊಫೋನ್ ವಾದಕ ಸೋನಿ ರೋಲಿನ್ಸ್ ನೆರೆಯವರ ನೆಮ್ಮದಿ ಕೆಡಿಸಲೊಲ್ಲದೆ 1959ರಿಂದ 1961ರವರೆಗೆ ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಅಭ್ಯಾಸ ಮಾಡಿದರು. ನನಗೆ ಅಂಥ ಸೇತುವೆ ಸಿಗಲಿಲ್ಲ. ಉದ್ಯಾನದ ಕಾವಲುಗಾರ ಹತ್ತೇ ನಿಮಿಷಕ್ಕೆ ಎಬ್ಬಿಸಿ ಕಳುಹಿಸಿದ. ಈಜುಕೊಳ, ವ್ಯಾಯಾಮಶಾಲೆಗಳಿಗೆ ಜಾಗ ಬಿಡುವ ನಮ್ಮ ವಸತಿ ಸಮುಚ್ಚಯಗಳು ದಪ್ಪ ಗೋಡೆಯ ಒಂದು ಸಂಗೀತದ ಕೋಣೆಯನ್ನೂ ಕಟ್ಟಬಾರದೇಕೆ?

ಅಲ್ಲಿಯವರೆಗೆ ನಮ್ಮದೊಂದು ಒಪ್ಪಂದ. ಸಂಜೆ ಏಳಕ್ಕೆ ಅವನು ಕೆಲಸಕ್ಕೆ ಹೊರಡುತ್ತಾನೆ; ಅನಂತರ ಮುಕ್ಕಾಲು ಗಂಟೆ ನಾಗಸ್ವರ. ಮೇಲ್ಮನೆಯ ಹುಡುಗಿಗೆ ಪರೀಕ್ಷೆಯಿದ್ದರೆ ಅದೂ ಇಲ್ಲ. ಬೆಳಗಿನ ಹೊತ್ತು ಊದದೆ ರಂಧ್ರಗಳ ಮೇಲೆ ಬೆರಳಾಡಿಸುತ್ತ ಸ್ವರಗಳನ್ನು ಮೆಲುದನಿಯಲ್ಲಿ ಹಾಡಿಕೊಳ್ಳುತ್ತೇನೆ. ‘ಮೊದಲು ಬಾಯಲ್ಲಿ ಬರಲಿ, ಆಮೇಲೆ ವಾದ್ಯ ಮುಟ್ಟು’ ಎಂದು ತಂದೆಯವರು ಗದರುತ್ತಿದ್ದರು. ಬಾಲ್ಯದಲ್ಲಿ ತಪ್ಪಿಸಿಕೊಂಡ ಆ ಪಾಠವನ್ನು ಅರವತ್ತು ದಾಟಿದ ಮೇಲೆ ಕಲಿಯುತ್ತಿದ್ದೇನೆ, ಕೆಳಗೊಬ್ಬ ನಿದ್ರಿಸುತ್ತಿರುವ ಕಾರಣಕ್ಕೆ.