ಅರಿಶಿನ ಹೇಳದ್ದನ್ನು ದಾಸವಾಳ ಹೇಳಿತು

ಮಕ್ಕಳೇ, ಆರತಿ ತಟ್ಟೆಯಲ್ಲಿ ಕೆಂಪು ನೀರನ್ನು ನೋಡಿದ್ದೀರಲ್ಲವೇ? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಸಾಕು, ಹಳದಿ ಹೋಗಿ ಕೆಂಪು ಬರುತ್ತದೆ. ಸುಣ್ಣವು ಒಂದು ಪ್ರತ್ಯಾಮ್ಲ. ಅರಿಶಿನದಲ್ಲಿರುವ ಕುರ್ಕುಮಿನ್ ಎಂಬ ವಸ್ತು ಪ್ರತ್ಯಾಮ್ಲದೊಡನೆ ಸೇರಿದಾಗ ಬಣ್ಣ ಬದಲಿಸುತ್ತದೆ. ಹೀಗೆ ಬಣ್ಣದ ಮೂಲಕ ಸುಳಿವು ಕೊಡುವ ವಸ್ತುಗಳಿಗೆ 'ಸೂಚಕ'ಗಳು ಎಂದು ಹೆಸರು.

ಒಮ್ಮೆ ನಾನು ಹಳ್ಳಿಯ ಶಾಲೆಯೊಂದಕ್ಕೆ ಹೋಗಿದ್ದೆ. ಅಲ್ಲಿ ಲಿಟ್ಮಸ್ ಕಾಗದ ಮುಗಿದುಹೋಗಿತ್ತು. ಮಕ್ಕಳಿಂದಲೇ ಅರಿಶಿನದ ಕಾಗದ ಮಾಡಿಸಿದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಅದರ ಮೇಲೆ ನಿಂಬೆರಸದ ಒಂದು ಹನಿ, ಸಕ್ಕರೆ ನೀರಿನ ಒಂದು ಹನಿ ಹಾಕಿದಳು. ಎರಡು ಕಡೆಯೂ ಹಳದಿ ಹಾಗೆಯೇ ಉಳಿಯಿತು. "ಸರ್, ಎರಡೂ ಒಂದೇ ಗುಣದವು" ಎಂದು ಬರೆದು ತೋರಿಸಿದಳು.

ಅವಳು ಕಣ್ಣಾರೆ ಕಂಡದ್ದನ್ನೇ ಬರೆದಿದ್ದಳು. ಆದರೆ ನಿಂಬೆರಸ ಆಮ್ಲ, ಸಕ್ಕರೆ ನೀರು ತಟಸ್ಥ. ಹಾಗಾದರೆ ತಪ್ಪಿದ್ದು ಎಲ್ಲಿ? ಅರಿಶಿನಕ್ಕೆ ಪ್ರತ್ಯಾಮ್ಲವನ್ನು ಮಾತ್ರ ಗುರುತಿಸಲು ಬರುತ್ತದೆ. ಆಮ್ಲಕ್ಕೂ ತಟಸ್ಥ ವಸ್ತುವಿಗೂ ಇರುವ ವ್ಯತ್ಯಾಸವನ್ನು ಅದು ಹೇಳಲಾರದು. ಅದಕ್ಕೆ ಇನ್ನೊಂದು ಸೂಚಕ ಬೇಕು. ಶಾಲೆಯ ಬೇಲಿಯಲ್ಲೇ ಕೆಂಪು ದಾಸವಾಳ ಅರಳಿತ್ತು! ಅದರ ಕಾಗದದ ಮೇಲೆ ನಿಂಬೆರಸ ಕೆಂಪಾಯಿತು. ಸಕ್ಕರೆ ನೀರು ಬಣ್ಣ ಬದಲಿಸಲಿಲ್ಲ. ಹುಡುಗಿ ತನ್ನ ಉತ್ತರವನ್ನು ತಾನೇ ತಿದ್ದಿಕೊಂಡಳು.

ನೀವೂ ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಬಿಳಿ ಡ್ರಾಯಿಂಗ್ ಕಾಗದ, ಅರಿಶಿನ ಪುಡಿ, ಕೆಂಪು ದಾಸವಾಳದ ಹೂ, ನಿಂಬೆರಸ, ಹುಣಸೆ ನೀರು, ಸೋಪಿನ ನೀರು, ಸುಣ್ಣದ ತಿಳಿನೀರು, ಸಕ್ಕರೆ ನೀರು.

ವಿಧಾನ:
1. ಅರಿಶಿನಕ್ಕೆ ಸ್ವಲ್ಪ ನೀರು ಬೆರೆಸಿ ಕಾಗದಕ್ಕೆ ತೆಳುವಾಗಿ ಬಳಿಯಿರಿ.
2. ಇನ್ನೊಂದು ಕಾಗದದ ಮೇಲೆ ದಾಸವಾಳದ ದಳಗಳನ್ನು ಚೆನ್ನಾಗಿ ಉಜ್ಜಿ. ನೇರಳೆ ಬಣ್ಣ ಹತ್ತುತ್ತದೆ.
3. ಎರಡನ್ನೂ ನೆರಳಿನಲ್ಲಿ ಒಣಗಿಸಿ, ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ.
4. ಮೊದಲು ಬರಿಯ ನೀರಿನ ಹನಿ ಹಾಕಿ ನೋಡಿ. ನಂತರ ಒಂದೊಂದು ದ್ರಾವಣವನ್ನೂ ಎರಡೂ ಕಾಗದಗಳ ಮೇಲೆ ಪರೀಕ್ಷಿಸಿ, ಕಂಡದ್ದನ್ನು ಪುಸ್ತಕದಲ್ಲಿ ಬರೆಯಿರಿ.

ನಿಮಗೆ ಕಾಣುವುದು:
ಆಮ್ಲ – ಅರಿಶಿನ ಹಳದಿಯಾಗಿಯೇ ಇರುತ್ತದೆ, ದಾಸವಾಳ ಕೆಂಪಾಗುತ್ತದೆ.
ಪ್ರತ್ಯಾಮ್ಲ – ಅರಿಶಿನ ಕೆಂಪು ಕಂದಾಗುತ್ತದೆ, ದಾಸವಾಳ ಹಸಿರಾಗುತ್ತದೆ.
ತಟಸ್ಥ – ಎರಡರಲ್ಲೂ ಬದಲಾವಣೆ ಇಲ್ಲ.

ಎಚ್ಚರಿಕೆ: ಶಿಕ್ಷಕರ ಎದುರಿನಲ್ಲೇ ಪ್ರಯೋಗ ಮಾಡಿ. ಯಾವುದನ್ನೂ ರುಚಿ ನೋಡಬೇಡಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಶಿಕ್ಷಕರು ಬಸಿದುಕೊಟ್ಟ ತಿಳಿನೀರನ್ನಷ್ಟೇ ಬಳಸಿ. ಶೌಚಾಲಯ ತೊಳೆಯುವ ಆಸಿಡ್ ಮುಟ್ಟಲೇಬೇಡಿ.

ಹೂವಿನಿಂದ ಆಮ್ಲವನ್ನು ಗುರುತಿಸುವುದು ಹೊಸದೇನಲ್ಲ. ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ ನೇರಳೆ ಬಣ್ಣದ ವಯೊಲೆಟ್ ಹೂವಿನ ರಸವು ಆಮ್ಲದಲ್ಲಿ ಕೆಂಪಾಗಿ, ಪ್ರತ್ಯಾಮ್ಲದಲ್ಲಿ ಹಸಿರಾಗುವುದನ್ನು 1664ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದ್ದ. ನಮ್ಮ ಪ್ರಯೋಗಶಾಲೆಯ ಲಿಟ್ಮಸ್ ಕೂಡ ಕಲ್ಲುಹೂವಿನ ಜಾತಿಯ ಜೀವಿಗಳಿಂದ ಪಡೆದ ಬಣ್ಣವೇ.

ಪ್ರಯೋಗದಲ್ಲಿ ಏನೂ ಬದಲಾಗಲಿಲ್ಲವೆಂದರೆ "ಅಲ್ಲಿ ಏನೂ ಇಲ್ಲ" ಎಂದು ತೀರ್ಮಾನಿಸಬೇಡಿ. "ನನ್ನ ಸೂಚಕಕ್ಕೆ ಇದು ಗೊತ್ತಾಗುತ್ತದೆಯೇ?" ಎಂದು ಕೇಳಿಕೊಳ್ಳಿ.

ಯೋಚಿಸಿ: ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿದೆ. ಸೋಪು ಹಚ್ಚಿದೊಡನೆ ಹಳದಿ ಕಲೆ ಕೆಂಪಾಯಿತು. ಅದರ ಮೇಲೆ ನಿಂಬೆರಸ ಹಿಂಡಿದರೆ ಏನಾಗಬಹುದು? ಮೊದಲು ಊಹಿಸಿ ಬರೆಯಿರಿ, ಆಮೇಲೆ ಮಾಡಿ ನೋಡಿ.